ಅಳಿಯಂದಿರು ಮೌಸು ಬಿಟ್ಟದ್ದು

ನಮ್ಮ ಅಣ್ಣನಿಗೆ ಇರುವುದು ಒಬ್ಬಳೇ ಮಗಳು, ಹಾಗಾಗಿ ಒಬ್ಬನೇ ಅಳಿಯ. ಆದರೂ ಮನೆಯಲ್ಲಿ ಎಲ್ಲರೂ ಅವರನ್ನು ಅಳಿಯಂದಿರು ಎಂದೇ ಕರೆಯುವುದು. ಮರ್ಯಾದೆಗೆ ಹಾಗೆ ಕರೆಯುತ್ತಾರೆ ಎಂದು ಅವರು ನಂಬಿಕೊಂಡಿದ್ದಾರೆ. ಅವರು ಮಾತಿಗೆ ಕೂತರೆ ಎಂಟು ಜನ ಒಟ್ಟಿಗೆ ಬಂದು ಕೂತಷ್ಟು ಗದ್ದಲ, ಅದಕ್ಕೆ ನಾವು ಹಾಗೆ ಕರೆಯುವುದು. ಅವರನ್ನು ಹೊಗಳುವವರು ಈ ಬೀದಿಯಲ್ಲಿ ಯಾರೂ ಇಲ್ಲ ಎಂದರೆ ಸುಳ್ಳಾದೀತು. ಒಬ್ಬರಿದ್ದಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿತುಂಬ ನೊರೆ ಇಟ್ಟುಕೊಂಡೇ ಶುರು ಮಾಡಿ, ಮಲಗುವವರೆಗೆ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ. ಆ ಕೆಲಸಕ್ಕೆ ಇನ್ನೊಬ್ಬರ ಸಹಾಯ ಬೇಕಾಗಿಯೇ ಇಲ್ಲ.

ನಮ್ಮದು ಕಲ್ಲಿನ ಮೇಲೆ ಅಕ್ಷರ ಕೆತ್ತುವ ಅಂಗಡಿ. ಮನೆ ಬಾಗಿಲಿನ ಹೆಸರು, ಆಫೀಸಿನ ಬೋರ್ಡು, ಸತ್ತವರ ನೆನಪಿನ ಕಲ್ಲು ಎಲ್ಲವೂ ಒಂದೇ ಗೋಡೆಗೆ ಒರಗಿಕೊಂಡು ನಿಂತಿರುತ್ತವೆ. ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಹಿಂದಿನ ಶೆಡ್ಡಿನಲ್ಲಿ ಕೆತ್ತುವ ಮೆಶೀನು, ನಡುವೆ ಗಾಜಿನ ಬಾಗಿಲು ಹಾಕಿದ ಒಂದು ಗೂಡು. ಆ ಗೂಡಿನಲ್ಲಿ ಕಂಪ್ಯೂಟರು, ಅದರ ಮುಂದೆ ಅಳಿಯಂದಿರು. ಮೊದಲೆಲ್ಲ ಅಣ್ಣನೇ ಉಳಿ ಸುತ್ತಿಗೆ ಹಿಡಿದು ಕೈಯಲ್ಲಿ ಕೆತ್ತುತ್ತಿದ್ದ. ಅವನ ಕೈ ನಡುಗಲು ಶುರುವಾದ ಮೇಲೆ ಮೆಶೀನು ಬಂತು, ಅದರ ಬೆನ್ನಿಗೇ ಅಳಿಯಂದಿರೂ ಬಂದರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಎಣ್ಣೆ ಹಚ್ಚಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಕಲ್ಲಿಗೆ ಪಾಲಿಶ್ ಹಾಕುವವನು, ನನ್ನನ್ನು ಯಾರೂ ಕೇಳುವುದಿಲ್ಲ.

ಇಲ್ಲಿಗೆ ಬರುವ ಮೊದಲು ಅಳಿಯಂದಿರು ವಿಮೆ ಮಾರಿದ್ದರು. ಕೊಳ್ಳಲು ಬಂದವರಿಗೆ ಸಾವಿನ ಬಗ್ಗೆ ಎಷ್ಟು ವಿವರಿಸಿದರೆಂದರೆ, ಜನ ಸಾಯುವುದನ್ನೇ ಮುಂದಕ್ಕೆ ಹಾಕಿ ಮನೆಗೆ ಹೋದರು. ಆಮೇಲೆ ಬಣ್ಣದ ಮೀನು ಸಾಕಿದರು. ಮೀನುಗಳು ಮಾತಿನಿಂದ ತಪ್ಪಿಸಿಕೊಳ್ಳಲು ನೀರಿನ ತಳಕ್ಕೆ ಹೋದವು, ಮತ್ತೆ ಮೇಲೆ ಬರಲಿಲ್ಲ. ಮಾಡುವುದಕ್ಕಿಂತ ವಿವರಿಸುವುದರಲ್ಲೇ ಅವರಿಗೆ ಸುಖ. ಅಂಥವರ ಕೈಗೆ ಅಂಗಡಿಯ ಕಂಪ್ಯೂಟರು ಸಿಕ್ಕಿತು.

ನಮ್ಮ ಅಂಗಡಿಯ ಧೂಳಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ನಾನೊಮ್ಮೆ ಸೀನಿದಾಗ ಬಿದ್ದ ಪುಡಿಯಲ್ಲಿ ಪಕ್ಕದ ಮನೆಯವರು ಮೆಟ್ಟಿಲು ಕಟ್ಟಿಸಿಕೊಂಡರು. ಆ ಧೂಳಿಗೆ ಮೊದಲು ಬಲಿಯಾಗುತ್ತಿದ್ದದ್ದು ಮೌಸು. ಹೊಸದು ತಂದು ಚುಚ್ಚಿದ ಕೆಲವೇ ದಿನಕ್ಕೆ ಅದರ ಚಕ್ರ ಕಚ್ಚಿಕೊಳ್ಳುತ್ತಿತ್ತು, ಪರದೆಯ ಮೇಲಿನ ಬಾಣ ಬೆದರಿದ ಕೋಳಿಯಂತೆ ಅತ್ತಿಂದಿತ್ತ ಹಾರುತ್ತಿತ್ತು. ಕೆಟ್ಟ ಮೌಸುಗಳನ್ನು ಅಳಿಯಂದಿರು ಬಿಸಾಡುತ್ತಿರಲಿಲ್ಲ. ಬಾಲ ಹಿಡಿದು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಗಿರಾಕಿಗಳಿಗೆ ಅದೊಂದು ನೋಟವಾಗಿತ್ತು.

ಒಂದು ದಿನ ಫೋನಿನಲ್ಲಿ ಯಾವನೋ ಗಡ್ಡದವನ ಭಾಷಣ ಕೇಳಿದರು. ಫೈಲು ಹುಡುಕಲು, ಎತ್ತಿಡಲು, ಅಳಿಸಲು ಮೌಸೇ ಬೇಡವಂತೆ. ಕಪ್ಪು ಪರದೆ, ಬಿಳಿ ಅಕ್ಷರ, ಎಲ್ಲವೂ ಕೀಬೋರ್ಡಿನಿಂದಲೇ. ಕೀಬೋರ್ಡಿಗಾದರೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆವು, ಧೂಳು ಒಳಗೆ ಹೋಗುತ್ತಿರಲಿಲ್ಲ. ಅಳಿಯಂದಿರು ಆ ಪ್ರೋಗ್ರಾಮನ್ನು ಕಂಪ್ಯೂಟರಿಗೆ ಇಳಿಸಿಕೊಂಡರು. ಇಷ್ಟರಮಟ್ಟಿಗೆ ಅದು ಬುದ್ಧಿವಂತರ ಕೆಲಸವೇ, ನಾನು ಒಪ್ಪುತ್ತೇನೆ. ಅವರ ಜೀವನದಲ್ಲಿ ಅಂಥದ್ದು ಅದೊಂದೇ, ಹಾಗಾಗಿ ಒಪ್ಪಲು ಕಷ್ಟವೇನಿಲ್ಲ.

ಮೊದಲ ದಿನ ಒಳಗೆ ಹೊಕ್ಕವರಿಗೆ ಹೊರಗೆ ಬರುವ ದಾರಿ ಗೊತ್ತಾಗಲಿಲ್ಲ. ಯಾವ ಗುಂಡಿ ಒತ್ತಿದರೂ ಪರದೆ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ಕ್ಯೂ ಅಕ್ಷರ ಒತ್ತಿದರೆ ಮುಚ್ಚುತ್ತದೆ ಎಂದು ಆ ಗಡ್ಡದವನು ಮೊದಲೇ ಹೇಳಿದ್ದನಂತೆ, ಆದರೆ ಇವರು ಆ ಹೊತ್ತಿಗೆ ತಮ್ಮದೇ ಮಾತು ಶುರು ಮಾಡಿಯಾಗಿತ್ತು. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೊರಬಂದರು. ಬಂದು, "ಚಿಕ್ಕಮಾವ, ಇದು ಬಹಳ ಆಳವಾದ ವಿದ್ಯೆ" ಎಂದರು.

"ಹೌದು, ಮುಳುಗಿ ಎದ್ದ ಹಾಗೇ ಕಾಣ್ತಿದೀರಿ" ಎಂದೆ.

ಒಂದು ವಾರದಲ್ಲಿ ಕಲಿತರು. ಕಲಿತದ್ದನ್ನು ಊರಿಗೆಲ್ಲ ಬಡಿಸಿದರು. ಪರದೆಯಲ್ಲಿ ಕಂಬದಂತೆ ಮೂರು ಉದ್ದ ಸಾಲುಗಳು: ಎಡಗಡೆಯದು ನಾವು ಬಂದ ಜಾಗ, ನಡುವಿನದು ನಾವಿರುವ ಜಾಗ, ಬಲಗಡೆಯದು ಮುಂದೆ ಸಿಗುವ ಜಾಗ. ಜೆ ಒತ್ತಿದರೆ ಕೆಳಗೆ, ಕೆ ಒತ್ತಿದರೆ ಮೇಲೆ, ಎಚ್ ಒತ್ತಿದರೆ ಹಿಂದಕ್ಕೆ, ಎಲ್ ಒತ್ತಿದರೆ ಒಳಕ್ಕೆ. ಇದನ್ನು ಅವರು ಟೀ ಅಂಗಡಿಯ ಬೆಂಚಿನ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು. ಊಟದ ತಟ್ಟೆಯ ಅಂಚಿನ ಮೇಲೆ ತೋರಿಸುತ್ತಿದ್ದರು. ಮೌಸು ಹಿಡಿಯುವವರಿಗೆ "ಉಜ್ಜುವವರು" ಎಂದು ಹೆಸರಿಟ್ಟರು. ಬ್ಯಾಂಕಿಗೆ ಹೋದಾಗ ಗುಮಾಸ್ತೆಯ ಬಲಗೈಯನ್ನು ಕನಿಕರದಿಂದ ನೋಡಿ ನಿಟ್ಟುಸಿರು ಬಿಟ್ಟರಂತೆ. ಆಕೆ ಕಾವಲುಗಾರನನ್ನು ಕರೆದಳು.

ಅಣ್ಣನ ಮಗಳು ನನ್ನ ಬಳಿ ಬಂದು ದೂರಿದಳು. "ಚಿಕ್ಕಪ್ಪ, ಇವರು ನಿದ್ದೇಲೂ ನನ್ನ ತೋಳಿನ ಮೇಲೆ ಜೆ ಜೆ ಜೆ ಅಂತ ಒತ್ತುತಾ ಇರ್ತಾರೆ."

"ಎಲ್ಲಿಗೆ ಇಳೀತಿದಾರಂತೆ?"

"ಯಾರಿಗೊತ್ತು. ತಳ ಸಿಕ್ಕಿದ ಹಾಗಂತೂ ಕಾಣಲ್ಲ."

ಇಷ್ಟು ನಗುತ್ತಿದ್ದರೂ ಅಂಗಡಿಯ ಕೆಲಸ ಚುರುಕಾಯಿತು ಎಂಬುದು ನಿಜ. ಯಾವ ಕಾಲದ ಯಾರ ಹೆಸರಿನ ಫೈಲು ಕೇಳಿದರೂ ಕಣ್ಣು ಮಿಟುಕಿಸುವುದರೊಳಗೆ ತೆಗೆಯುತ್ತಿದ್ದರು. ಬೇಕಾದ್ದನ್ನು ವೈ ಒತ್ತಿ ನಕಲು ಮಾಡಿಕೊಂಡು, ಮೆಶೀನಿನ ಫೋಲ್ಡರಿಗೆ ಹೋಗಿ ಪಿ ಒತ್ತಿದರೆ ಮುಗಿಯಿತು. ಆ ಫೋಲ್ಡರಿಗೆ ಏನು ಬಿದ್ದರೂ ಮೆಶೀನು ಅದನ್ನೇ ಕೆತ್ತುತ್ತದೆ. ಅದಕ್ಕೆ ಓದು ಬರುವುದಿಲ್ಲ, ಸಂಕೋಚವೂ ಇಲ್ಲ.

ಇನ್ನು ಕಲ್ಲಿನ ವಿಷಯ. ಶೆಡ್ಡಿನ ಬಾಗಿಲ ಹಿಂದೆ ಗೋಣಿಚೀಲ ಸುತ್ತಿದ ಒಂದು ಕಪ್ಪು ಕಲ್ಲು ಅಣ್ಣನ ಯೌವನದ ಕಾಲದಿಂದ ನಿಂತಿತ್ತು. ಅದನ್ನು ತೆಗೆದ ಗಣಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿದೆ, ಅಂಥದ್ದು ಇನ್ನೊಂದು ಸಿಗುವುದಿಲ್ಲ. ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಅಣ್ಣ ಅದನ್ನು ಎತ್ತಿಟ್ಟದ್ದು ತನಗಾಗಿ. ತಾನು ಸತ್ತರೆ ಲೋಕಕ್ಕೆ ಅಷ್ಟು ದೊಡ್ಡ ಕಲ್ಲಿನ ಭಾರ ಬೇಕೇ ಬೇಕು ಎಂದು ಅವನ ಅಂದಾಜು. ಆದರೆ ಅತ್ತಿಗೆ ಸಾಲು ಮುರಿದು ಮುಂದೆ ಹೋದಳು. ಬದುಕಿದ್ದಷ್ಟು ದಿನ ಅವಳಿಗೆ ಒಂದು ಒಳ್ಳೆಯ ಕೊಡೆ ಕೊಡಿಸದ ಮನುಷ್ಯ, ಮಣ್ಣು ಮಾಡಿ ಬಂದ ಮರುದಿನ ಗೋಣಿಚೀಲ ಬಿಚ್ಚಿ, "ಇದು ಅವಳಿಗೆ" ಎಂದ. ನಮ್ಮ ಅಣ್ಣ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಲ್ಲಿನ ಮೇಲೆ ಅತ್ತಿಗೆಯ ಹೆಸರು, ಅದರ ಕೆಳಗೆ ಒಂದೇ ಸಾಲು ಎಂದು ಮಗಳು ನಿರ್ಧರಿಸಿದಳು: "ಸ್ವಲ್ಪ ಕೂತ್ಕೊಳ್ತೀನಿ." ಅತ್ತಿಗೆ ದಿನಕ್ಕೆ ಹತ್ತಾರು ಸಲ ಈ ಮಾತು ಹೇಳುತ್ತಿದ್ದಳು, ಒಂದು ಸಲವೂ ಕೂತಿರಲಿಲ್ಲ. ಸಾಲಿನ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಕೆತ್ತುವವರು ಯಾರು ಎಂಬುದಕ್ಕೆ ಜಗಳ ಬಿತ್ತು.

"ನಾನೇ ಕೈಯಲ್ಲಿ ಕೆತ್ತುತೀನಿ" ಎಂದ ಅಣ್ಣ.

"ಅಪ್ಪ, ನೀನು ಟೀ ಲೋಟ ಎತ್ತಿದ್ರೆ ಅರ್ಧ ಅಂಗಿಗೆ ಬೀಳುತ್ತೆ" ಎಂದಳು ಮಗಳು. "ಕಲ್ಲು ಇರೋದು ಒಂದೇ."

"ಮಾವ, ಇದು ಭಾವನೆಯ ವಿಷಯ ಅಲ್ಲ, ವಿಧಾನದ ವಿಷಯ" ಎಂದು ಅಳಿಯಂದಿರು ಎದ್ದು ನಿಂತರು. ಎದ್ದು ನಿಂತರೆ ಕಡಿಮೆಯೆಂದರೂ ಒಂದು ಬಸ್ಸು ತಪ್ಪುವಷ್ಟು ಹೊತ್ತು ಮಾತಾಡುತ್ತಾರೆ. "ಮನುಷ್ಯನ ಕೈ ತಪ್ಪುತ್ತೆ. ನನ್ನ ವಿಧಾನದಲ್ಲಿ ತಪ್ಪಿಗೆ ಜಾಗವೇ ಇಲ್ಲ. ನಾಲ್ಕು ಗುಂಡಿ ಒತ್ತೋದು, ಅಷ್ಟೇ."

ಅಣ್ಣ ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. ಅದು ಅವನ ಮಾತಿಗೂ ಕಾಯದೆ ನಡುಗುತ್ತಿತ್ತು. "ಸರಿ ಅಳಿಯಂದ್ರೆ, ಹಾಳು ಮಾಡಬೇಡಿ" ಎಂದು ಹೇಳಿ ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತ.

ಕೆತ್ತುವ ದಿನ ಬೆಳಿಗ್ಗೆ ಪಕ್ಕದ ಬೀದಿಯ ಡಾಕ್ಟರ ಕಾಂಪೌಂಡರು ಬಂದ. ಡಾಕ್ಟರ ಗೇಟಿನ ಮುಂದೆ ಜನ ಕಾರು ನಿಲ್ಲಿಸಿ ಹೋಗುತ್ತಿದ್ದರು, ಅದಕ್ಕೆ ಕಾಂಪೌಂಡಿನ ಗೋಡೆಗೆ ಬಾಗಿಲಗಲದ ಒಂದು ಕಲ್ಲು ಕೆತ್ತಿಸಬೇಕಿತ್ತು. ಅದರ ಫೈಲು ತಯಾರಾಗಿತ್ತು. ಕಾಂಪೌಂಡರು ಅದನ್ನು ನೋಡಿ ಹೋಗಲು ಬಂದಿದ್ದ. ನೋಡಿ ಹೋಗುವುದು ಎಂದರೆ ನಮ್ಮ ಅಂಗಡಿಯಲ್ಲಿ ಪಾಠ ಕೇಳಿ ಹೋಗುವುದು.

"ನೋಡಿ, ಇದು ನಿಮ್ಮ ಫೈಲು" ಎಂದರು ಅಳಿಯಂದಿರು. "ಈಗ ನಾನು ಸ್ಪೇಸ್ ಒತ್ತುತೀನಿ. ಏನಾಯ್ತು?"

"ಪಕ್ಕದಲ್ಲಿ ಬಣ್ಣ ಬಂತು."

"ಅದಕ್ಕೆ ಗುರುತು ಹಾಕೋದು ಅಂತಾರೆ. ಉಜ್ಜುವವರಿಗೆ ಇದು ಗೊತ್ತಿಲ್ಲ. ಒಂದೊಂದನ್ನೇ ಎಳ್ಕೊಂಡು ಹೋಗ್ತಾರೆ, ಗಾಡಿ ಎತ್ತಿನ ಹಾಗೆ."

"ಸ್ವಾಮಿ, ಕ್ಲಿನಿಕ್ಕಲ್ಲಿ ಜನ ಕಾಯ್ತಿದಾರೆ."

"ಕಾಯಿಲೆ ಎಲ್ಲಿಗೂ ಹೋಗಲ್ಲ, ಕೂತ್ಕೊಳಿ."

ಅಷ್ಟರಲ್ಲಿ ಕಾಂಪೌಂಡರನ ಫೋನು ಅರಚಿತು, ಅವನು ಬದುಕಿದೆ ಎಂದು ಓಡಿದ. ಅಳಿಯಂದಿರು ಪಾಠದ ಉಳಿದ ಭಾಗವನ್ನು ಅವನ ಬೆನ್ನಿಗೆ ಹೇಳುತ್ತ ಬೀದಿಯ ತಿರುವಿನವರೆಗೂ ಹೋದರು. ಹಾಕಿದ ಗುರುತು ಹಾಗೇ ಉಳಿಯಿತು.

ಆ ಗುರುತಿಗೆ ಒಂದು ಗುಣವಿದೆ. ಬೇರೆ ಫೋಲ್ಡರಿಗೆ ಹೋದರೂ ಅದು ಅಳಿಯುವುದಿಲ್ಲ. ಗುರುತು ಹಾಕಿದ್ದು ಒಂದಿದ್ದರೆ, ವೈ ಒತ್ತಿದಾಗ ನಕಲಾಗುವುದು ಅದೇ ಹೊರತು ಕಣ್ಣ ಮುಂದಿರುವುದಲ್ಲ. ಎಷ್ಟು ಫೈಲಿಗೆ ಗುರುತಿದೆ ಎಂದು ಪರದೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಅಂಕಿಯೂ ಬರುತ್ತದೆ. ಇಷ್ಟೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಜಗತ್ತಿಗೆಲ್ಲ ಪಾಠ ಹೇಳುತ್ತಿದ್ದವರಿಗೂ ಆಮೇಲೆಯೇ ಗೊತ್ತಾದದ್ದು.

ಊಟವಾದ ಮೇಲೆ ನಾಲ್ಕು ಜನ ಸೇರಿ ಅತ್ತಿಗೆಯ ಕಲ್ಲನ್ನು ಮೆಶೀನಿನ ಹಾಸಿನ ಮೇಲೆ ಮಲಗಿಸಿದೆವು. ಅಳಿಯಂದಿರು ಗೂಡಿಗೆ ಹೋಗಿ ಕೂತು, ಕೈಬೆರಳಿನ ನೆಟಿಕೆ ತೆಗೆದು, ನಾವೆಲ್ಲ ನೋಡುತ್ತಿದ್ದೇವೆಯೇ ಎಂದು ತಿರುಗಿ ನೋಡಿದರು. ಆಮೇಲೆ ಬೆರಳುಗಳು ಹಾರಿದವು. ಅತ್ತಿಗೆಯ ಫೈಲಿನ ಮೇಲೆ ಬೆಳಕಿನ ಪಟ್ಟಿ ನಿಂತಿತು, ವೈ ಎಂದರು. ಮೆಶೀನಿನ ಫೋಲ್ಡರಿಗೆ ಹಾರಿ ಪಿ ಎಂದರು. ನನ್ನ ಮುದಿಗಣ್ಣಿಗೆ ಮಿಂಚು ಹೊಡೆದಂತಾಯಿತು. ಏನು ಬಂದು ಬಿತ್ತೆಂದು ಅವರು ನೋಡಲಿಲ್ಲ. ನೋಡಿಕೊಂಡು ಮಾಡುವುದು ಉಜ್ಜುವವರ ಲಕ್ಷಣವಂತೆ. ಶೆಡ್ಡಿಗೆ ಹೋಗಿ ಮೆಶೀನಿನ ಹಸಿರು ಗುಂಡಿ ಒತ್ತಿ, ನೀರು ಬಿಟ್ಟು, ಧೂಳು ಹಾರದಂತೆ ಅದರ ಮೇಲಿನ ಪರದೆ ಎಳೆದು ಹೊರಗೆ ಬಂದರು.

ಒಳಗೆ ಕಿರ್ರೆಂದು ಸದ್ದು ಶುರುವಾಯಿತು. ಅಣ್ಣ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ. ಟೀ ಬಂತು, ಕುಡಿದದ್ದಾಯಿತು, ಬಿಸಿಲು ಎದುರು ಗೋಡೆಗೆ ಏರಿತು, ಸದ್ದು ನಿಲ್ಲಲಿಲ್ಲ.

"ಅವಳ ಹೆಸರು ಇಷ್ಟು ಉದ್ದ ಇರ್ಲಿಲ್ಲವಲ್ಲ" ಎಂದ ಅಣ್ಣ.

"ಆಳವಾಗಿ ಕೆತ್ತುತಾ ಇದೆ ಮಾವ. ನೂರಾರು ವರ್ಷ ಹೋಗಲ್ಲ. ನಿಮ್ಮ ಉಳಿ ಆಗಿದ್ರೆ ಇಷ್ಟು ಆಳ ಹೋಗ್ತಿತ್ತಾ, ನೀವೇ ಹೇಳಿ."

ಅಣ್ಣ ಸ್ಟೂಲನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.

ಸದ್ದು ನಿಂತ ಮೇಲೆ ಎಲ್ಲರೂ ಒಳಗೆ ಹೋದೆವು. ಅಳಿಯಂದಿರು ಪರದೆ ಸರಿಸಿದರು. ಬಿಳಿ ಕೆಸರು ತುಂಬಿ ಏನೂ ಕಾಣುತ್ತಿರಲಿಲ್ಲ. ಮಗಳು ಒದ್ದೆ ಬಟ್ಟೆಯಿಂದ ಒಂದು ಕಡೆಯಿಂದ ಒರೆಸುತ್ತ ಬಂದಳು. ನಡುವೆ ಒಮ್ಮೆ ಅವಳ ಕೈ ನಿಂತಿತು. ಮತ್ತೆ ಒರೆಸಿದಳು. ಕನ್ನಡಿಯಂಥ ಕಪ್ಪು ಕಲ್ಲಿನ ಮೇಲೆ, ಬೆರಳಿನುದ್ದ ಆಳದಲ್ಲಿ ಹೀಗಿತ್ತು: "ಇಲ್ಲಿ ವಾಹನ ನಿಲ್ಲಿಸಬಾರದು. ನಿಲ್ಲಿಸಿದರೆ ಚಕ್ರದ ಗಾಳಿ ತೆಗೆಯಲಾಗುವುದು."

ಅಳಿಯಂದಿರು ಮಾತಾಡದೆ ನಿಂತದ್ದನ್ನು ನಾನು ಕಂಡದ್ದು ಆಗಲೇ, ಆದರೂ ಅದನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದೂ ಹೆಚ್ಚು ಹೊತ್ತು ನಡೆಯಲಿಲ್ಲ. "ಪ್ರೋಗ್ರಾಮಿನ ತಪ್ಪಲ್ಲ ಮಾವ" ಎಂದರು. "ಅದು ಹೇಳಿದ್ದನ್ನೇ ಮಾಡುತ್ತೆ."

"ಹಾಗಾ" ಎಂದ ಅಣ್ಣ. "ಮೊದಲೇ ಗೊತ್ತಿದ್ರೆ ಅದನ್ನೇ ಅಳಿಯ ಮಾಡ್ಕೋಬಹುದಿತ್ತು."

ಮಗಳು ಬಟ್ಟೆ ಬಿಸಾಡಿ ನೇರ ಗೂಡಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಅಳಿಯಂದಿರು ಹಿಂದೆ ಹೋದರು.

"ನೀವು ಬಾಗಿಲಲ್ಲೇ ನಿಂತ್ಕೊಳ್ರಿ. ಒಳಗೆ ಬಂದ್ರೆ ಕೈ ಮುರೀತೀನಿ. ಹಿಂದೆ ಹೋಗೋಕೆ ಯಾವುದು?"

"ಎಚ್. ಬೆರಳನ್ನ ಹಾಗಲ್ಲ ಇಡೋದು, ಮಧ್ಯದ ಸಾಲಲ್ಲಿ..."

"ಬೆರಳಿನ ವಿಷಯ ಮಾತಾಡಬೇಡಿ. ಮೂಲೇಲಿ ಇದೇನಿದು, ಒಂದು ಅಂತ?"

ಅಳಿಯಂದಿರು ಬಗ್ಗಿ ನೋಡಿದರು. "ಅದು ಪುಟದ ಸಂಖ್ಯೆ ಅಂದ್ಕೊಂಡಿದ್ದೆ."

"ಎಷ್ಟು ದಿನದಿಂದ ಅಂದ್ಕೊಂಡಿದೀರಿ?"

"ಮೊದಲಿಂದ."

"ಯಾವತ್ತಾದ್ರೂ ಎರಡನೇ ಪುಟ ಬಂತೇನ್ರೀ?"

ಬಂದಿತ್ತಂತೆ, ಮೂರೂ ಬಂದಿತ್ತಂತೆ. ಬಂದಾಗಲೆಲ್ಲ ತಾವು ಮುಂದುವರಿಯುತ್ತಿದ್ದೇವೆ ಎಂದು ಅವರಿಗೆ ಖುಷಿಯಾಗುತ್ತಿತ್ತಂತೆ. ಮಗಳು ಎಚ್ ಒತ್ತುತ್ತ ಎಲ್ ಒತ್ತುತ್ತ ಹುಡುಕಿ, ಬಣ್ಣ ಹಚ್ಚಿಕೊಂಡು ಕೂತಿದ್ದ ಡಾಕ್ಟರ ಫೈಲನ್ನು ಹಿಡಿದಳು. ಗುರುತು ತೆಗೆಯುವ ಗುಂಡಿ ಯಾವುದೆಂದು ಗಂಡನಿಗೆ ಗೊತ್ತಿರಲಿಲ್ಲ. ಅವಳೇ ಒಂದೊಂದಾಗಿ ಒತ್ತಿ ನೋಡಿದಳು, ಯು ಒತ್ತಿದಾಗ ಬಣ್ಣ ಹೋಯಿತು, ಅಂಕಿಯೂ ಹೋಯಿತು. ನಡುವೆ ಇನ್ಯಾರದೋ ಫೈಲು ಅಳಿಸಿಹೋಗಿರಬಹುದು. ಆ ದಿನ ಅದನ್ನು ಯಾರೂ ವಿಚಾರಿಸಲಿಲ್ಲ.

ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಅಪ್ಪನ ಮುಂದೆ ನಿಂತು, "ನಾನೇ ಬೇಡ ಅಂದೆ ನಿನಗೆ" ಎಂದಳು. ಅಣ್ಣ ಅವಳ ಕಡೆ ನೋಡಲಿಲ್ಲ, ಕಲ್ಲಿನ ಸುತ್ತ ನಡೆಯುತ್ತಿದ್ದ.

"ಉಜ್ಜಿ ತೆಗೆದುಬಿಡೋಣ ಮಾವ" ಎಂದರು ಅಳಿಯಂದಿರು. ಉಜ್ಜುವುದು ಅವರಿಗೆ ಹಠಾತ್ತನೆ ಒಪ್ಪಿಗೆಯಾಗಿತ್ತು.

"ಆಳವಾಗಿ ಕೆತ್ತಿದೆ ಅಂತ ನೀವೇ ಅಂದ್ರಲ್ಲ. ಅಷ್ಟು ಉಜ್ಜಿದ್ರೆ ಉಳಿಯೋದು ಹಪ್ಪಳ." ಅಣ್ಣ ಕಲ್ಲಿನ ಅಂಚಿಗೆ ಕೈ ಹಾಕಿದ. "ಬನ್ನಿ, ಹಿಡೀರಿ. ಬೋರಲು ಹಾಕಿ."

ಹಿಂಬದಿ ಒರಟಾಗಿತ್ತು, ಗಣಿಯಿಂದ ಸೀಳಿ ತೆಗೆದ ಹಾಗೆಯೇ. ಅದನ್ನು ಕನ್ನಡಿ ಮಾಡುವುದು ನನ್ನ ಪಾಲಿಗೆ ಬಂತು. ನನ್ನ ತೋಳು ಆಗ ಇಷ್ಟುದ್ದ ಇರಲಿಲ್ಲ, ಆ ಕಲ್ಲಿಗೆ ಪಾಲಿಶ್ ಹಾಕಿದ ಮೇಲೆಯೇ ಮೊಣಕಾಲು ಮುಟ್ಟುವಂತಾದದ್ದು. ಅದು ಮುಗಿದ ದಿನ ಅಣ್ಣ ಉಳಿ ಸುತ್ತಿಗೆ ತೆಗೆದು ಕೂತ. ಬೇಡ ಎನ್ನಲು ಈ ಸಲ ಯಾರಿಗೂ ಬಾಯಿರಲಿಲ್ಲ.

ಅಣ್ಣನ ಕೈ ಕಲ್ಲನ್ನು ಮುಟ್ಟಿದೊಡನೆ ನಡುಕ ನಿಂತು ಹಳೆಯ ಕುಶಲತೆ ಹರಿದು ಬಂತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಕೈ ನಡುಗಿದಂತೆಯೇ ಅಕ್ಷರವೂ ನಡುಗಿತು. ಹೆಸರಿನ ಮೊದಲ ಅಕ್ಷರ ಸಂತೆಗೆ ಹೊರಟ ಹಾಗೆ ಒಂದು ಕಡೆ ವಾಲಿತು, ಎರಡನೆಯದು ಅದನ್ನು ಹಿಡಿದೆಳೆಯುವ ಹಾಗೆ ಇನ್ನೊಂದು ಕಡೆ ವಾಲಿತು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊ ಎಂದು ನಾನು ಹೇಳಿದರೆ, "ನನಗೆ ಗೆರೆಯಾ" ಎಂದು ಗದರಿದ. ಅವನ ಜಂಬಕ್ಕೇನೂ ನಡುಕ ಬಂದಿರಲಿಲ್ಲ. ಕೆಳಗಿನ ಸಾಲು ಅರ್ಧಕ್ಕೆ ಬರುವಾಗಲೇ ಜಾಗ ಸಾಲುವುದಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. ಕೊನೆಯ ಅಕ್ಷರ ಅಂಚಿನಲ್ಲಿ ನಿಲ್ಲಲಾಗದೆ ಕೆಳಗಿಳಿದು, ಸಾಲಿನಿಂದ ಬೇರೆಯಾಗಿ ತಾನೊಂದೇ ಕೂತಿತು. ಅದರ ಪಕ್ಕದಲ್ಲಿ ಸುತ್ತಿಗೆ ಜಾರಿ ಬಿದ್ದ ಒಂದು ಗಾಯವೂ ಇದೆ.

ಅಣ್ಣ ಹಿಂದೆ ಸರಿದು ನೋಡಿದ. "ಕೆಟ್ಟದಾಗಿದೆ" ಎಂದ.

"ಕೊನೇ ಅಕ್ಷರ ಅಮ್ಮನೇ ಕೂತ ಹಾಗಿದೆ ಬಿಡಪ್ಪ" ಎಂದಳು ಮಗಳು.

"ಅವಳು ಹೀಗೆಲ್ಲಿ ಕೂರ್ತಿದ್ಲು." ಆದರೂ ಉಳಿಯನ್ನು ಒರೆಸಿ ಡಬ್ಬಕ್ಕೆ ಹಾಕಿ ಮುಚ್ಚಿದ. ಇನ್ನು ಆ ಕಲ್ಲಿನ ಮೇಲೆ ಯಾರೂ ಕೈ ಇಡುವಂತಿಲ್ಲ ಎಂದು ಅರ್ಥ.

ಕಲ್ಲು ನಿಲ್ಲಿಸುವ ದಿನ ಅದನ್ನು ನಾಲ್ಕು ಜನ ಹೊತ್ತು ನಡೆದೆವು, ಲಾರಿ ಸ್ಮಶಾನದ ಓಣಿಗೆ ಹೋಗುವುದಿಲ್ಲ. ಅತ್ತಿಗೆಯ ಹೆಸರಿಗೆ ಏನೂ ತಾಗದಿರಲಿ ಎಂದು ಆ ಬದಿಯನ್ನು ಒಳಕ್ಕೆ ಮಾಡಿ ಬಟ್ಟೆ ಸುತ್ತಿದ್ದೆವು, ಹಾಗಾಗಿ ಇನ್ನೊಂದು ಬದಿ ಬೀದಿಗೆ ಕಾಣುತ್ತಿತ್ತು. ಮುಂದಿನ ಮೂಲೆಗೆ ಭುಜ ಕೊಟ್ಟವರು ಅಳಿಯಂದಿರು. ನಾವು ಹೋದ ದಾರಿಯುದ್ದಕ್ಕೂ ನಿಂತಿದ್ದ ಗಾಡಿಗಳೆಲ್ಲ ಒಂದೊಂದಾಗಿ ಶುರುವಾಗಿ ಜಾಗ ಖಾಲಿ ಮಾಡಿದವು. ಒಬ್ಬ ವ್ಯಾನಿನವನು, "ಹೋಗ್ತಾ ಇದೀನಿ ಸ್ವಾಮಿ, ಇಷ್ಟು ದೊಡ್ಡದು ಯಾಕೆ ತಂದ್ರಿ" ಎಂದು ಕೈ ಮುಗಿದ. ಅಳಿಯಂದಿರು ಅವನಿಗೆ ಗುರುತಿನ ವಿಷಯ ವಿವರಿಸಲು ಬಾಯಿ ತೆಗೆದರು. "ನಡೀರಿ" ಎಂದ ಅಣ್ಣ ಹಿಂದಿನಿಂದ.

ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿ, ಹೆಸರಿನ ಬದಿಯನ್ನು ದಾರಿಯ ಕಡೆಗೆ ಮಾಡಿ ಕಲ್ಲು ನಿಲ್ಲಿಸಿದೆವು. ಗೋಡೆಗೂ ಕಲ್ಲಿಗೂ ನಡುವೆ ಕೈ ತೂರುವಷ್ಟು ಸಂದಿ ಉಳಿಯಿತು. ಅಣ್ಣ ಕರಣೆಯನ್ನು ಅಳಿಯಂದಿರ ಕೈಗೆ ಕೊಟ್ಟು, "ಇದನ್ನ ತುಂಬಿ" ಎಂದ. ಅವರು ಮೊಣಕಾಲೂರಿ ಸಿಮೆಂಟು ತುಂಬಿದರು. ನೋಡಿಕೊಂಡು ತುಂಬಿದರು, ಅದನ್ನು ಹೇಳಲೇಬೇಕು.

ಸ್ಮಶಾನದ ಕಾವಲುಗಾರ ಬಂದು ಸುತ್ತ ನೋಡಿದ. ಅವನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಗೋಡೆಗೆ ಕೆನ್ನೆ ಒತ್ತಿ, ಇನ್ನೂ ತುಂಬದೆ ಉಳಿದಿದ್ದ ಕಡೆಯಿಂದ ಒಂದು ಕಣ್ಣು ತೂರಿಸಿ, "ಯಜಮಾನ್ರೆ, ಹಿಂದೆ ಏನೋ ಬರೆದಿರೋ ಹಾಗಿದೆ" ಎಂದ.

"ಅದು ನಮ್ಮ ಅಳಿಯಂದ್ರ ಕೆಲಸ" ಎಂದ ಅಣ್ಣ. "ನೀನು ಮುಂದಿಂದು ನೋಡು."